ಎರಡು ನೀರಿನ ಈಜುಕೊಳ

ನಮ್ಮ ಊರಿಗೆ ಈಜುಕೊಳ ಬೇಕೆಂದು ಯಾರೂ ಕೇಳಿರಲಿಲ್ಲ. ಊರಿನಲ್ಲಿ ಈಜು ಬರುವವರೇ ಇರಲಿಲ್ಲ. ಆದರೂ ಅದು ಮೇಲಿನಿಂದ ಮಂಜೂರಾಗಿ ಬಂತು. ಬಂದದ್ದನ್ನು ವಾಪಸು ಕಳಿಸಿದರೆ ಚೆನ್ನಾಗಿರುವುದಿಲ್ಲ ಎಂದು ಪುರಸಭೆಯ ಅಧ್ಯಕ್ಷೆ ನೀಲಾಂಬಿಕೆಯವರು ಹೇಳಿದರು. ಹಾಗಾಗಿ ಮೇಲ್ಪೇಟೆಗೂ ಕೆಳಪೇಟೆಗೂ ನಡುವಿನ ಖಾಲಿ ಮೈದಾನದಲ್ಲಿ ಗುಂಡಿ ತೋಡಿ, ನೀಲಿ ಟೈಲ್ಸ್ ಅಂಟಿಸಿ, ಸುತ್ತ ಕಂಬಿ ಬೇಲಿ ಹಾಕಿ ಮುಗಿಸಿದರು. ಕಟ್ಟಿದ ಕಂಪನಿಯವರು ಹೋಗುವಾಗ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಕೊಟ್ಟು, "ನೀರು ತುಂಬಿಸಿ, ಇದರಲ್ಲಿ ಟೆಸ್ಟ್ ಮಾಡಿ, ಹದಕ್ಕೆ ತನ್ನಿ, ಆಮೇಲೆ ಜನರನ್ನ ಬಿಡಿ" ಎಂದರು. ಪಂಪು ಹಿಂದಿನಿಂದ ಬರುತ್ತದೆ ಎಂದೂ ಹೇಳಿದರು. ಪೆಟ್ಟಿಗೆ ತೆರೆದರೆ ಒಳಗೆ ಕಣ್ಣಿಗೆ ಬಿಡುವ ಔಷಧಿಯಂಥ ಪುಟ್ಟ ಪುಟ್ಟ ಸೀಸೆಗಳು, ಎರಡು ಗಾಜಿನ ಕೊಳವೆಗಳು, ಬಣ್ಣದ ಒಂದು ಪಟ್ಟಿ. ನೀಲಾಂಬಿಕೆಯವರು ಅದನ್ನು ಮುಚ್ಚಿ, ಕಂಕುಳಲ್ಲಿಟ್ಟುಕೊಂಡು ನೇರ ನಮ್ಮ ಮನೆಗೆ ಬಂದರು. ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು ಊರಿಗೆಲ್ಲ ನಾನೊಬ್ಬಳೇ.

"ಇಂದುಮತಿ ಟೀಚರ್, ಬಣ್ಣ ನೋಡೋ ಕೆಲಸ ನಿಮ್ಮದು. ಹೇಗೂ ರಜ ಇದೆಯಲ್ಲ" ಎಂದರು.

ನಾನು ಒಪ್ಪಿಕೊಂಡದ್ದು ಅವರ ಮಾತಿಗಲ್ಲ, ನಮ್ಮ ಅತ್ತೆ ಚೆನ್ನಾಜಮ್ಮನವರಿಗಾಗಿ. ಅವರ ಎರಡು ಮಂಡಿಗಳೂ ಸವೆದುಹೋಗಿದ್ದವು. ಹಜಾರದಿಂದ ಅಡುಗೆಮನೆಗೆ ಬರಬೇಕಾದರೆ ಗೋಡೆ, ಕಿಟಕಿ, ಫ್ರಿಜ್ಜು ಎಲ್ಲವನ್ನೂ ಹಿಡಿದು ಬರುತ್ತಿದ್ದರು, ಪ್ರತಿಯೊಂದಕ್ಕೂ ಒಂದೊಂದು ಬೈಗುಳ. ಮೂಳೆ ಡಾಕ್ಟರು ಮಾತ್ರೆಗಿಂತ ನಡಿಗೆ ಒಳ್ಳೆಯದು ಎಂದಿದ್ದರು, ಅದೂ ನೀರಿನಲ್ಲಿ. "ಎದೆಮಟ್ಟ ನೀರಲ್ಲಿ ನಿಂತು ನಡೀರಿ ಅಮ್ಮ. ನಿಮ್ಮ ಭಾರ ನೀರು ಹೊರುತ್ತೆ" ಎಂದು ಅವರು ಹೇಳಿದಾಗ ಅತ್ತೆ, "ಎದೆಮಟ್ಟ ನೀರು ಎಲ್ಲಿಂದ ತರ್ಲಿ? ಬಾವೀಲಿ ನಡೆಯೋಕಾಗುತ್ತಾ?" ಎಂದು ಎದ್ದು ಬಂದಿದ್ದರು. ಮೈದಾನದಲ್ಲಿ ಗುಂಡಿ ತೋಡಿದ ದಿನದಿಂದ ಮಾತ್ರ ದಿನಕ್ಕೊಮ್ಮೆ ಕೇಳುತ್ತಿದ್ದರು, "ಎಲ್ಲೀವರೆಗೆ ಬಂತೇ ಅದು?"

ಇಲ್ಲಿ ನಮ್ಮ ಊರಿನ ನೀರಿನ ಸಂಗತಿ ಹೇಳಬೇಕು. ಮೇಲ್ಪೇಟೆಯವರದು ಬೆಟ್ಟದ ಝರಿಯ ನೀರು, ಕೆಳಪೇಟೆಯವರದು ಬಾವಿಯ ನೀರು. ಇವೆರಡೂ ಬೆರೆಯುವುದಿಲ್ಲ. ಒಂದೇ ಲೋಟಕ್ಕೆ ಹಾಕಿದರೆ ಒಂದು ಈ ಪಕ್ಕ, ಒಂದು ಆ ಪಕ್ಕ ನಿಲ್ಲುತ್ತವೆ, ನಡುವೆ ಕೂದಲೆಳೆಯಷ್ಟು ಗೆರೆ. ಚಮಚದಲ್ಲಿ ಕಲಕಿದರೆ ಎರಡೂ ಜೊತೆಯಲ್ಲಿ ಗಿರ್ರನೆ ತಿರುಗಿ, ಸುಮ್ಮನಾದ ಮೇಲೆ ಮತ್ತೆ ಅದೇ ಗೆರೆ. ಹೋಟೆಲಿನಲ್ಲಿ ಎರಡು ಬಾಯ್ಲರ್ ಇವೆ. ಮದುವೆ ಊಟಕ್ಕೆ ಸಾರು ಎರಡು ಕೊಳದಪ್ಪಲೆಯಲ್ಲಿ ಕುದಿಯುತ್ತದೆ. ವರ್ಗವಾಗಿ ಬಂದ ನೌಕರರು ಮೊದಮೊದಲು ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾ ಕೂರುತ್ತಾರೆ, ಆಮೇಲೆ ಅವರಿಗೂ ಅಭ್ಯಾಸವಾಗುತ್ತದೆ. ಅವರ ನೀರನ್ನು ಇವರು ಕುಡಿಯುವುದಿಲ್ಲ, ಮೈಮೇಲೆ ಹಾಕಿಕೊಳ್ಳುವುದಿಲ್ಲ. ಕೈಗೆ ತಾಗಿದರೆ ತಪ್ಪಿಲ್ಲ, ಇಲ್ಲದಿದ್ದರೆ ಕೊಡು-ಕೊಳ್ಳುವುದೇ ಕಷ್ಟವಾಗುತ್ತಿತ್ತು. ಹಾಕಿಕೊಂಡರೆ ಏನಾಗುತ್ತದೆ ಎಂದು ಯಾರನ್ನು ಕೇಳಿದರೂ, "ಏನೂ ಆಗಲ್ಲ, ಹಾಕ್ಕೊಳ್ಳಲ್ಲ ಅಷ್ಟೆ" ಎನ್ನುತ್ತಾರೆ.

ನಾನು ಮೇಲ್ಪೇಟೆಯಲ್ಲಿ ಹುಟ್ಟಿ ಕೆಳಪೇಟೆಗೆ ಸೊಸೆಯಾಗಿ ಬಂದವಳು. ನಮ್ಮಂಥ ಮನೆಗಳು ಊರಿನಲ್ಲಿ ಬೇಕಾದಷ್ಟಿವೆ, ಬಚ್ಚಲಲ್ಲಿ ಎರಡು ಹಂಡೆ ಇಟ್ಟುಕೊಂಡು ಸುಖವಾಗಿ ಬಾಳುತ್ತಿವೆ. ನಾನು ಮಗಳನ್ನು ಹೆತ್ತಾಗ, ಬಾಣಂತಿಗೆ ತವರಿನ ನೀರೇ ಆಗಬೇಕೆಂದು ಅತ್ತೆ ದಿನಾ ಬೆಳಿಗ್ಗೆ ಬೆಟ್ಟದ ನಲ್ಲಿಯವರೆಗೆ ಹೋಗಿ ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ತಂದು ಕಾಯಿಸಿ ಎರೆದಿದ್ದರು. ಅಷ್ಟು ದೂರ ಹೊತ್ತರೂ ಒಂದು ಹನಿ ತಮ್ಮ ಮೈಮೇಲೆ ತುಳುಕಿಸಿಕೊಂಡಿರಲಿಲ್ಲ. ಅದು ಪ್ರೀತಿಯೋ ಮಡಿಯೋ ಎಂದು ಆಗ ನಾನು ಯೋಚಿಸಲಿಲ್ಲ. ಬಿಸಿನೀರು ಬೆನ್ನಿಗೆ ಹಿತವಾಗಿತ್ತು, ಅಷ್ಟೇ ಗೊತ್ತು.

ಕೊಳ ತುಂಬಿಸುವ ದಿನ ಊರಿಗೆ ಊರೇ ಬಂದು ನಿಂತಿತು. ಅರ್ಧ ನೀರು ಅವರದು, ಅರ್ಧ ಇವರದು ಎಂದು ಪುರಸಭೆಯಲ್ಲಿ ತೀರ್ಮಾನವಾಗಿತ್ತು. ಕೊಳದ ಒಂದು ತುದಿ ಎದೆಮಟ್ಟ, ಇನ್ನೊಂದು ತುದಿ ಎರಡಾಳು ಆಳ. ಮೇಲ್ಪೇಟೆಯವರ ಪೈಪು ಎದೆಮಟ್ಟದ ತುದಿಗೆ ಸುಲಭವಾಗಿ ಎಟುಕಿತು. ಕೆಳಪೇಟೆಯವರು ಟ್ಯಾಂಕರಿನಲ್ಲಿ ತಂದು ಆಳದ ತುದಿಗೆ ಸುರಿದರು. ತುಂಬಿದ ಮೇಲೆ ಗೆರೆ ಕೊಳದ ನಟ್ಟನಡುವೆ ಅಡ್ಡಕ್ಕೆ ಬಂದು ನಿಂತಿತು. ಕೆಳಪೇಟೆಯ ಕೌನ್ಸಿಲರ್ ಬೋರಲಿಂಗಯ್ಯನವರಿಗೆ ಹಿಟ್ಟಿನ ಗಿರಣಿ ಇದೆ, ಆ ಸದ್ದಿನಲ್ಲೇ ಮಾತಾಡಿ ಅಭ್ಯಾಸ. ಅವರು ಎದೆಯ ಮೇಲೆ ಕೈಕಟ್ಟಿ, "ಆಳ ನಮ್ಮದು!" ಎಂದು ಘೋಷಿಸಿದರು. ಕೆಳಪೇಟೆಯವರೆಲ್ಲ ಚಪ್ಪಾಳೆ ತಟ್ಟಿದರು.

ಮನೆಗೆ ಬರುವಾಗ ಆಟೋದಲ್ಲಿ ಅತ್ತೆ ಸಪ್ಪಗಿದ್ದರು. "ಲೇ ಇಂದು, ಆಳ ಇಟ್ಕೊಂಡು ನಾನೇನು ಮಾಡ್ಲಿ? ನಂಗೆ ಕಾಲು ಊರೋ ಜಾಗ ಬೇಕಿತ್ತು. ಅದು ನಿಮ್ಮೋರ ಪಾಲಾಯ್ತಲ್ಲ" ಎಂದರು. ನಾನು ತೊಡೆಯ ಮೇಲಿದ್ದ ಪೆಟ್ಟಿಗೆ ತೆರೆದು ಸೀಸೆಗಳನ್ನು ಎಣಿಸಿದೆ.

ಮರುದಿನ ಪರೀಕ್ಷೆ ಶುರುಮಾಡಿದೆ. ಕೊಳವೆಗೆ ನೀರು ತುಂಬಿ, ಕೆಂಪು ದ್ರಾವಣದ ಹನಿಗಳನ್ನು ಬಿಟ್ಟು, ಅಲುಗಾಡಿಸಿ ಬೆಳಕಿಗೆ ಹಿಡಿದರೆ ನೀರು ಹುಳಿಯೋ ಕ್ಷಾರವೋ ಬಣ್ಣ ಹೇಳುತ್ತದೆ. ಕಿತ್ತಳೆಗೂ ಕೆಂಪಿಗೂ ನಡುವಿನ ಬಣ್ಣ ಬಂದರೆ ಹದ. ಬೆಟ್ಟದ ನೀರು ಅಪ್ಪಟ ಹಳದಿಗೆ ತಿರುಗಿತು, ಎಂದರೆ ಹುಳಿ, ಇಳಿದವರ ಕಣ್ಣು ಉರಿಯುತ್ತದೆ, ಟೈಲ್ಸಿನ ಸಂದಿಯ ಸಿಮೆಂಟನ್ನು ನಿಧಾನವಾಗಿ ತಿಂದುಹಾಕುತ್ತದೆ. ಬಾವಿಯ ನೀರು ದಾಸವಾಳದಂತೆ ಕಡುಗೆಂಪಾಯಿತು. ಅದು ಕ್ಷಾರ, ಜೊತೆಗೆ ಗಡಸು, ಗೋಡೆಗೆಲ್ಲ ಬಿಳಿ ಪದರ ಕಟ್ಟುತ್ತದೆ, ನೀರು ಮಬ್ಬಾಗುತ್ತದೆ, ಎಷ್ಟು ಕ್ಲೋರಿನ್ ಹಾಕಿದರೂ ಅದಕ್ಕೆ ಶಕ್ತಿ ಬರುವುದಿಲ್ಲ. ಬೇರೆ ಯಾವ ಊರಿನಲ್ಲಾದರೂ ಇದಕ್ಕಿಂತ ಸುಲಭವಾದ ಕೆಲಸವಿಲ್ಲ. ಎರಡನ್ನೂ ಬೆರೆಸಿಬಿಟ್ಟರೆ ಒಂದರ ಹುಳಿಯನ್ನು ಇನ್ನೊಂದರ ಕ್ಷಾರ ಮುರಿದು ತಾವಾಗಿಯೇ ಹದಕ್ಕೆ ಬರುತ್ತಿದ್ದವು. ನನಗೆ ಆ ಭಾಗ್ಯವಿರಲಿಲ್ಲ. ಒಂದು ಕೊಳದಲ್ಲಿ ಎರಡು ಕೊಳ ನೋಡಿಕೊಳ್ಳಬೇಕಾಯಿತು.

ಬಕೆಟ್ಟು ಎರಡು, ಕಲಕುವ ಬಿದಿರಿನ ಗಳ ಎರಡು. ಬೆಟ್ಟದ ನೀರಿಗೆ ಮೊದಲು ಅಡುಗೆ ಸೋಡ, ಆಮೇಲೆ ವಾಷಿಂಗ್ ಸೋಡ. ಬಾವಿಯ ನೀರಿಗೆ ಆಸಿಡ್. ಬಕೆಟ್ಟಿಗೆ ಮೊದಲು ನೀರು ತುಂಬಿಕೊಂಡು ಆಮೇಲೆ ಆಸಿಡ್ ಹಾಕಬೇಕು, ತಿರುಗಾಮುರುಗಾ ಮಾಡಿದರೆ ಮುಖಕ್ಕೆ ಎಗರುತ್ತದೆ ಎಂದು ಪ್ರತಿವರ್ಷ ಒಂಬತ್ತನೇ ಕ್ಲಾಸಿಗೆ ಹೇಳಿ ಹೇಳಿ ಬಾಯಿಪಾಠವಾದ ವಿದ್ಯೆ ಮೊದಲ ಸಲ ಉಪಯೋಗಕ್ಕೆ ಬಂತು. ಒಂದೇ ಸಲಕ್ಕೆ ಹಾಕುವಂತಿಲ್ಲ. ಸ್ವಲ್ಪ ಹಾಕು, ಕಲಕು, ಕಾಯಿ, ಮತ್ತೆ ಹನಿ ಬಿಟ್ಟು ನೋಡು. ಬಿಸಿಲು ಏರಿದರೆ ಹಾಕಿದ ಕ್ಲೋರಿನ್ ಹಾರಿಹೋಗುತ್ತದೆ, ಅದಕ್ಕೆ ಸಂಜೆ ಬಿಸಿಲಿಳಿದ ಮೇಲೆ ಇನ್ನೊಂದು ಸುತ್ತು. ನಮ್ಮ ಯಜಮಾನರು ಸ್ಕೂಲ್ ವ್ಯಾನ್ ಓಡಿಸುತ್ತಾರೆ, ಅವರಿಗೂ ರಜೆಯೇ. ಗಳ ಹಿಡಿದು ಕಲಕುವ ಕೆಲಸ ಅವರದು. ತಮ್ಮ ಕಡೆಯ ನೀರನ್ನು ಜೋರಾಗಿ ಕಲಕಿ, ನನ್ನ ಕಡೆಯದನ್ನು ಮೆಲ್ಲಗೆ ಕಲಕುತ್ತಾರೆಂದು ನಾನು ಗದರುತ್ತಿದ್ದೆ.

ಅಷ್ಟರಲ್ಲಿ ಸುದ್ದಿ ಹಬ್ಬಿತು. ಟೀಚರಮ್ಮ ತವರಿನ ನೀರಿಗೆ ಅಡುಗೆ ಸೋಡ ಹಾಕುತ್ತಿದ್ದಾಳೆ, ಗಂಡನ ಮನೆಯ ನೀರಿಗೆ ಆಸಿಡ್ ಸುರಿಯುತ್ತಿದ್ದಾಳೆ! ಮಾರನೆಯ ದಿನ ಹಾಲಿನವಳು ನಮ್ಮ ಮನೆಯನ್ನು ದಾಟಿಕೊಂಡು ಹೋದಳು. ಇಸ್ತ್ರಿಗೆ ಕೊಟ್ಟ ಬಟ್ಟೆ ಮಡಿಸಿದಂತೆಯೇ ವಾಪಸು ಬಂತು. ಹೊತ್ತೇರುವಷ್ಟರಲ್ಲಿ ಕೆಳಪೇಟೆಯ ಅರ್ಧ ಜನ ಕಂಬಿಯ ಸುತ್ತ ಸೇರಿದ್ದರು. ಮುಂದೆ ಬೋರಲಿಂಗಯ್ಯ, ಗಿರಣಿಯಿಂದ ನೇರ ಬಂದದ್ದಕ್ಕೆ ರೆಪ್ಪೆಯ ಮೇಲೆಲ್ಲ ಹಿಟ್ಟು. ಸುದ್ದಿ ಕೇಳಿ ನೀಲಾಂಬಿಕೆಯವರೂ ಓಡಿಬಂದರು. ನನ್ನ ಜೊತೆ ಬಂದಿದ್ದ ಅತ್ತೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು.

"ಎರಡಕ್ಕೂ ಒಂದೇ ಹಾಕಿ ಟೀಚರಮ್ಮ. ಅವರಿಗೆ ಸೋಡ ಅಂದ್ರೆ ನಮಗೂ ಸೋಡ" ಎಂದರು ಬೋರಲಿಂಗಯ್ಯ.

"ಅದು ಹಾಗಲ್ಲ ಬೋರಲಿಂಗಯ್ಯನೋರೆ. ಮನೇಲಿ ಇಬ್ಬರು ಮಕ್ಕಳು. ಒಂದಕ್ಕೆ ಜ್ವರ, ಒಂದಕ್ಕೆ ಭೇದಿ. ಇಬ್ಬರಿಗೂ ಒಂದೇ ಮಾತ್ರೆ ಕೊಡ್ತೀರಾ?"

"ಅಂದ್ರೆ ನಮ್ಮ ನೀರಿಗೆ ಭೇದಿ ಅಂತೀರಾ?"

ಜನ ಹೋ ಎಂದರು. ನಾನು ಪಾಠ ಮಾಡುವವಳು, ಜಗಳ ಆಡುವವಳಲ್ಲ. ಕ್ಷಾರ ಎಂದರೇನು, ಅದನ್ನು ಯಾಕೆ ಇಳಿಸಬೇಕು ಎಂದು ವಿವರಿಸಲು ಹೊರಟು, ನಡುವೆಯೇ ಬಿಟ್ಟೆ. ಇಷ್ಟು ವರ್ಷ ಇವರ ಮಕ್ಕಳಿಗೇ ಪಾಠ ಹೇಳಿದ್ದೆ. ಇವತ್ತು ಮೊದಲ ಸಲ ಯಾರೋ ಹಿಂದಿನಿಂದ "ಎಷ್ಟಾದ್ರೂ ಮೇಲ್ಪೇಟೆಯವಳಲ್ವಾ" ಎಂದದ್ದು ಕೇಳಿಸಿತ್ತು.

ಆಗ ಅತ್ತೆ ಕುರ್ಚಿಯಿಂದಲೇ ಮಾತಾಡಿದರು. "ಬೋರ, ನಿಮ್ಮನೆ ಬಿಸಿನೀರಿನ ಹಂಡೆ ಒಳಗೆ ಬಿಳೀದು ಕಟ್ಟಿಕೊಳ್ಳುತ್ತಲ್ಲ, ನಿನ್ನ ಹೆಂಡ್ತಿ ಏನು ಹಾಕಿ ತಿಕ್ತಾಳೆ?"

"ಹುಣಿಸೆಹಣ್ಣು ದೊಡ್ಡಮ್ಮ."

"ಹುಳಿ. ಇವಳು ಹಾಕ್ತಿರೋದೂ ಅದೇ. ಇಷ್ಟು ದೊಡ್ಡ ಹಂಡೆಗೆ ಹುಣಿಸೆಹಣ್ಣು ಕಿವುಚಿ ಹಾಕ್ತಾ ಕೂತ್ರೆ ನೀನು ಕಿವುಚಿ ಕೊಡ್ತೀಯಾ?" ಎಂದು ಕೇಳಿ, ನನ್ನ ಕಡೆ ತಿರುಗಿ ದನಿ ತಗ್ಗಿಸದೆಯೇ ಹೇಳಿದರು, "ನೀನೂ ಅಷ್ಟೆ. ಆಸಿಡ್ಡು ಅಂತ ಯಾಕಂತೀಯಾ? ಹುಳಿ ಅನ್ನು."

ಅಂದಿನಿಂದ ಅದು ಹುಳಿಯಾಯಿತು. ಕೆಳಪೇಟೆ ಸಮಾಧಾನವಾಯಿತು. ಎರಡು ದಿನಕ್ಕೆ ಮೇಲ್ಪೇಟೆಯಿಂದ ನನ್ನ ಸ್ವಂತ ಚಿಕ್ಕಪ್ಪನೇ ಬಂದು, "ಏನಮ್ಮ, ನಮ್ಮ ನೀರಿಗೆ ಮಾತ್ರ ಹುಳಿ ಇಲ್ಲವಂತೆ?" ಎಂದು ಕೇಳಿದ. ಅವನಿಗೆ ಕಾಫಿ ಕುಡಿಸಿ ಕಳಿಸಿದೆ.

ಆದರೆ ಬೋರಲಿಂಗಯ್ಯನ ತಲೆಯಲ್ಲಿ ಬೇರೊಂದು ಹುಳ ಹೊಕ್ಕಿತ್ತು. ಆಳ ನಮ್ಮದು ಎಂದು ಎದೆಯುಬ್ಬಿಸಿದ ಮೇಲೆ, ಅದರಲ್ಲಿ ಇಳಿಯಲು ಕೆಳಪೇಟೆಯ ಒಬ್ಬರಿಗೂ ಈಜು ಬರುವುದಿಲ್ಲ ಎಂಬುದು ಅವರಿಗೆ ಹೊಳೆದಿತ್ತು. ಮೇಲ್ಪೇಟೆಯವರು ಕಾಲೂರಿ ನಿಂತು ಆಟವಾಡುವಾಗ ನಾವು ದಂಡೆಯಲ್ಲಿ ಕೂತು ಕಡಲೆಕಾಯಿ ತಿನ್ನಬೇಕೇ? ಗೆರೆಯ ಮೇಲೆ ಗೋಡೆ ಕಟ್ಟಿಬಿಡೋಣ, ನಮ್ಮ ಅರ್ಧಕ್ಕೆ ಕಾಂಕ್ರೀಟ್ ತುಂಬಿಸಿ ಎದೆಮಟ್ಟ ಮಾಡಿಕೊಳ್ಳೋಣ ಎಂದು ಅವರು ಪುರಸಭೆಯಲ್ಲಿ ಪಟ್ಟು ಹಿಡಿದರು. ಮೇಲ್ಪೇಟೆಯವರಿಗೂ ಗೋಡೆ ಬೇಡವೆನ್ನಲು ಕಾರಣವಿರಲಿಲ್ಲ. ಇಟ್ಟಿಗೆ ಬಂದು ಬಿತ್ತು. ಕೊಳಕ್ಕೆ ಇಳಿಯುವ ಅಗಲವಾದ ಮೆಟ್ಟಿಲು ಇರುವುದು ಬೆಟ್ಟದ ನೀರಿನ ಕಡೆ ಮಾತ್ರ. ಆಳದ ಕಡೆ ಇರುವುದು ಗೋಡೆಗೆ ಬಡಿದ ನೆಟ್ಟನೆಯ ಕಬ್ಬಿಣದ ಏಣಿ. ಕಾಂಕ್ರೀಟು, ಮೆಟ್ಟಿಲು, ಟೈಲ್ಸು ಎಂದು ಅದೆಲ್ಲ ಮುಗಿಯುವುದು ಯಾವ ಕಾಲಕ್ಕೋ. ಅಷ್ಟು ದಿನ ಅತ್ತೆಯ ಮಂಡಿ ಕಾಯುವಂತಿರಲಿಲ್ಲ. ಅವರು ಆ ವಾರ ಫ್ರಿಜ್ಜನ್ನೂ ಬೈಯಲಿಲ್ಲ. ಹಾಸಿಗೆಯಿಂದಲೇ, "ಹೋಗ್ಲಿ ಬಿಡು, ಕಾಲು ಇದ್ದಾಗ ಬೇಕಾದಷ್ಟು ನಡೆದಿದ್ದೀನಿ" ಎಂದರು. ಅದು ಬೈಗುಳಕ್ಕಿಂತ ಕೆಟ್ಟದಾಗಿ ಕೇಳಿಸಿತು.

ಗೋಡೆಗೆ ಗುರುತು ಹಾಕುವ ದಿನವೇ ಪಂಪು ಬಂತು. ಅದನ್ನು ಕೂರಿಸಿದವರು, ನೀರನ್ನು ಎಳೆದು ಸೋಸಿ ಮತ್ತೆ ಕೊಳಕ್ಕೆ ಬಿಡುತ್ತದೆ, ಪಕ್ಕದ ಗೋಡೆಗಳ ಮೂತಿಗಳಿಂದ ಓರೆಯಾಗಿ ಚಿಮ್ಮುತ್ತದೆ ಎಂದು ತೋರಿಸಿ ಗುಂಡಿ ಒತ್ತಿ ಹೋದರು. ಅತ್ತ ಬೋರಲಿಂಗಯ್ಯ ಗಾರೆ ಮೇಸ್ತ್ರಿಯ ಜೊತೆ ಎರಡೂ ದಂಡೆಗೆ ಮೊಳೆ ಹೊಡೆದು ಗೆರೆಯ ಮೇಲೆ ಸರಿಯಾಗಿ ದಾರ ಕಟ್ಟಿಸುತ್ತಿದ್ದರು. ಇತ್ತ ನಾನು ಎದೆಮಟ್ಟದ ತುದಿಯಲ್ಲಿ ಸೋಡದ ಕೊನೆಯ ಕಂತು ಹಾಕಿ, ಚಹಾ ಕುಡಿದು ಬಂದು, ಮೆಟ್ಟಿಲಿನ ಹತ್ತಿರ ನೀರು ತೆಗೆದು ಗಡಸು ನೋಡುವ ಹನಿ ಬಿಟ್ಟೆ. ನನ್ನ ಮೆದು ನೀರಿನ ಬದಲು ಕಲ್ಲಿನಂಥ ಗಡಸು ಬಂತು. ಇನ್ನೊಂದು ಕೊಳವೆ ತೊಳೆದು ನೋಡಿದೆ. ಅದೇ. ಬೆಟ್ಟದ ನೀರು ಎಲ್ಲಿಗೆ ಹೋಯಿತು ಎಂದು ಕಕ್ಕಾಬಿಕ್ಕಿಯಾಗಿ ತಲೆ ಎತ್ತಿದರೆ ಮೇಸ್ತ್ರಿಯ ದನಿ ಕೇಳಿಸಿತು.

"ಸಾಮಿ, ದಾರ ಇಲ್ಲೇ ಐತೆ. ಗೆರೆ ಹೊಂಟೋಯ್ತು."

ನಿಜವಾಗಿಯೂ ಹೊರಟುಹೋಗಿತ್ತು. ಅಡ್ಡಕ್ಕಿದ್ದ ಗೆರೆ ಈಗ ಮೂಲೆಯಿಂದ ಮೂಲೆಗೆ ಓರೆಯಾಗಿ ನಿಂತಿತ್ತು, ನಾವು ನೋಡುತ್ತಿದ್ದಂತೆಯೇ ಇನ್ನಷ್ಟು ಸರಿಯಿತು. ಪಂಪು ಚಿಮ್ಮಿಸುವ ನೀರಿಗೆ ಎರಡೂ ನೀರು ಜೊತೆಜೊತೆಯಾಗಿ, ಮರದ ನೆರಳು ಸರಿಯುವಷ್ಟು ನಿಧಾನವಾಗಿ ಕೊಳದ ಸುತ್ತ ತಿರುಗುತ್ತಿದ್ದವು. ಬೋರಲಿಂಗಯ್ಯ ಮೇಸ್ತ್ರಿಗೆ ದಾರವನ್ನು ಗೆರೆಯ ಹಿಂದೆಯೇ ಸರಿಸಲು ಹೇಳಿದರು. ಮೇಸ್ತ್ರಿ ಎರಡು ಸಲ ಮೊಳೆ ಕಿತ್ತು ಹೊಡೆದು, ಮೂರನೆಯ ಸಲ ಸುತ್ತಿಗೆ ಚೀಲದೊಳಗಿಟ್ಟುಕೊಂಡ. ಪಂಪು ನಿಲ್ಲಿಸಿ ಎಂದರು ಬೋರಲಿಂಗಯ್ಯ. ನಿಲ್ಲಿಸಿದರೆ ನೀರಿಗೆ ಪಾಚಿ ಕಟ್ಟುತ್ತದೆ ಎಂದೆ. "ಹುಳಿ ಹಾಕಿದ್ರೂನಾ?" ಎಂದು ಕೇಳಿದರು. ಹಾಕಿದರೂ ಎಂದೆ. ಇಟ್ಟಿಗೆಗಳನ್ನು ಪುರಸಭೆಯ ಕಾಂಪೌಂಡಿಗೆ ಉಪಯೋಗಿಸಿಕೊಂಡರು.

ನಮ್ಮ ಊರಿನವರಿಗೆ ಹೊಂದಿಕೊಳ್ಳುವುದು ಕಷ್ಟವಲ್ಲ. ಹೊಸ ನಿಯಮವಾಯಿತು. ಬಾವಿಯ ನೀರು ಎದೆಮಟ್ಟದ ಕಡೆಗೆ ಬಂದಾಗ ಕೆಳಪೇಟೆಯವರು ಇಳಿಯಬೇಕು, ಬೆಟ್ಟದ ನೀರು ಬಂದಾಗ ಮೇಲ್ಪೇಟೆಯವರು. ಗೆರೆ ಹತ್ತಿರವಾದಾಗ ಸೀಟಿ. ಸೀಟಿ ಊದುವ ಹೊಣೆಯನ್ನು ಬೋರಲಿಂಗಯ್ಯ ತಾವೇ ವಹಿಸಿಕೊಂಡರು.

ಆರಂಭದ ದಿನ ಬೆಳಿಗ್ಗೆ ಎರಡು ನೀರನ್ನೂ ಕೊನೆಯ ಸಲ ಪರೀಕ್ಷಿಸಿದೆ. ಎರಡೂ ಕೊಳವೆಗಳಲ್ಲಿ ಒಂದೇ ಬಣ್ಣ, ಕಿತ್ತಳೆಯೂ ಅಲ್ಲ ಕೆಂಪೂ ಅಲ್ಲ. ಪಕ್ಕಪಕ್ಕ ಹಿಡಿದು ನೀಲಾಂಬಿಕೆಯವರಿಗೆ ತೋರಿಸಿದೆ. "ಯಾವುದು ಯಾವುದು?" ಎಂದರು. ಚೀಟಿ ಅಂಟಿಸಲು ಮರೆತಿದ್ದೆ, ನನಗೂ ಗೊತ್ತಾಗಲಿಲ್ಲ. ಎಷ್ಟು ಖುಷಿಯಾಯಿತೆಂದರೆ ಇಬ್ಬರೂ ನಕ್ಕುಬಿಟ್ಟೆವು. ತಳದ ಟೈಲ್ಸಿನ ಗೀಟುಗಳನ್ನು ಎಣಿಸಬಹುದಿತ್ತು, ಅಷ್ಟು ತಿಳಿಯಾಗಿತ್ತು ನೀರು.

ಮೊದಲ ಸರದಿ ಕೆಳಪೇಟೆಯದು. ಅತ್ತೆ ಹಳೆಯ ನೂಲಿನ ಸೀರೆಯನ್ನು ಕಚ್ಚೆಯಂತೆ ಬಿಗಿದು ಉಟ್ಟು ಬಂದಿದ್ದರು. ಬಲಮೂಲೆಯ ಮೆಟ್ಟಿಲಿನಲ್ಲಿ ನಮ್ಮ ಯಜಮಾನರೂ ನಾನೂ ಎರಡೂ ಕಡೆ ಹಿಡಿದು ಅವರನ್ನು ಇಳಿಸಿದೆವು. ನಾನು ನೀರು ತಾಗದ ಮೇಲಿನ ಮೆಟ್ಟಿಲಿನಲ್ಲೇ ನಿಂತೆ. ಅದು ನನ್ನ ನೀರಲ್ಲ, ಅಲ್ಲದೆ ಎದೆಮಟ್ಟವೆಂದರೂ ನನಗೆ ನೀರಿನ ಭಯ. ಯಜಮಾನರು ಅವರನ್ನು ಮೆಟ್ಟಿಲ ಪಕ್ಕದ ಕಂಬಿ ಹಿಡಿಸಿ ನಿಲ್ಲಿಸಿದರು. ಅತ್ತೆ ಸ್ವಲ್ಪ ಹೊತ್ತು ಅಲ್ಲಾಡಲೇ ಇಲ್ಲ. ಆಮೇಲೆ ಒಂದು ಹೆಜ್ಜೆ ಇಟ್ಟರು. ಇನ್ನೊಂದು ಇಟ್ಟರು. ಕಂಬಿ ಬಿಟ್ಟರು.

"ಇಂದು!" ಎಂದು ಕೂಗಿದರು. ನಾನು ಗಾಬರಿಯಾದೆ.

"ನೋವಿಲ್ಲ ಕಣೇ!"

ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ. ಕೈಗಳನ್ನು ನೀರಿನ ಮೇಲೆ ಚಾಚಿಕೊಂಡು, ಸೆರಗು ಹಿಂದೆ ತೇಲುತ್ತಾ, ಆ ಗೋಡೆಯಿಂದ ಈ ಗೋಡೆಗೆ ಓಡಾಡಿದರು. ದಾರಿಗೆ ಸಿಕ್ಕಿದವರನ್ನೆಲ್ಲ "ಸರ್ಕೋ, ಸರ್ಕೋ" ಎಂದು ಗದರಿದರು. ನಮ್ಮ ಯಜಮಾನರ ಕಣ್ಣು ಕೆಂಪಾಗಿತ್ತು. ಕ್ಲೋರಿನ್ ಜಾಸ್ತಿಯಾಯಿತೇನೋ ಎಂದು ಕೇಳಲು ಹೊರಟು ಸುಮ್ಮನಾದೆ.

ಗೆರೆ ಬಲಗಡೆಯಿಂದ ಕಾಣಿಸಿಕೊಂಡಿತು. ಬೋರಲಿಂಗಯ್ಯ ಸೀಟಿ ಊದಿದರು. ಚುರುಕಾಗಿದ್ದವರು ಮೆಟ್ಟಿಲಿನಲ್ಲಿ ಹತ್ತಿಕೊಂಡರು. ಉಳಿದವರು ಎಡಕ್ಕೆ ಸರಿದು ಸರಿದು ಗೋಡೆಗೆ ಒತ್ತಿಕೊಂಡರು, ಮೇಲಿದ್ದವರು ಕೈಕೊಟ್ಟು ಒಬ್ಬೊಬ್ಬರನ್ನೇ ಎಳೆದುಕೊಂಡರು. ನಮ್ಮ ಯಜಮಾನರನ್ನೂ ಎಳೆದರು. ಬೆಟ್ಟದ ನೀರು ಮೆಟ್ಟಿಲನ್ನು ದಾಟಿತು. ಅತ್ತೆ ಇನ್ನೂ ನಡುವಿನಲ್ಲಿ ನಡೆಯುತ್ತಲೇ ಇದ್ದರು.

"ದೊಡ್ಡಮ್ಮ, ಬನ್ನಿ ಬೇಗ! ಗೆರೆ ಬಂತು! ನಾಕು ಜನ ಸೇರಿ ಎತ್ಕೋತೀವಿ!" ಎಂದು ಬೋರಲಿಂಗಯ್ಯ ದಂಡೆಯ ಮೇಲೆ ಮಂಡಿಯೂರಿ ಕೈ ಚಾಚಿದರು.

ಅತ್ತೆ ನಿಂತು ಗೆರೆಯನ್ನು ನೋಡಿದರು. ಅದು ಅವರಿಂದ ಒಂದು ಮಾರು ದೂರದಲ್ಲಿತ್ತು. ಆಮೇಲೆ ಬೋರಲಿಂಗಯ್ಯನನ್ನು ನೋಡಿದರು. "ಎಷ್ಟೋ ವರ್ಷ ಆದ್ಮೇಲೆ ಈಗ ತಾನೆ ಕಾಲು ಬಂದಿದೆ ನಂಗೆ. ಹತ್ತು ಅಂತೀಯಲ್ಲೋ" ಎಂದರು. "ಬರ್ಲಿ ಬಿಡು ಅದು."

ಸೀಟಿ ಮತ್ತೊಮ್ಮೆ ಕೇಳಿಸಿತು, ಆದರೆ ಅದರಲ್ಲಿ ಉಸಿರಿರಲಿಲ್ಲ. ದಂಡೆಯ ಎರಡೂ ಕಡೆ ಜನ ಅಂಚಿಗೆ ಬಂದು ಬಗ್ಗಿದರು. ಸರದಿಗಾಗಿ ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತಿದ್ದ ಮೇಲ್ಪೇಟೆಯವರೂ ಕಣ್ಣು ಪಿಳುಕಿಸದೆ ನೋಡಿದರು. ಗೆರೆ ಬಂದು ಅತ್ತೆಯ ಬಲತೋಳನ್ನು ಮುಟ್ಟಿತು. ಎದೆಯ ಮೇಲೆ ಸರಿಯಿತು. ಅವರು ಕಣ್ಣು ಮುಚ್ಚಿಕೊಂಡರು, ತುಟಿ ಬಿಗಿದುಕೊಂಡರು. ಎಡತೋಳಿನಿಂದಾಚೆ ಇಳಿದು ಗೆರೆ ತನ್ನ ಪಾಡಿಗೆ ಮುಂದೆ ಹೋಯಿತು. ಅವರಿಗೆ ಏನಾದರೂ ಆದರೆ ಈ ಊರಿನಲ್ಲಿ ನಾನು ಹೇಗೆ ತಲೆಯೆತ್ತಿ ಓಡಾಡಲಿ ಎಂದು ಒಂದು ಕ್ಷಣ ಅನಿಸಿತು, ಅದರ ಹಿಂದೆಯೇ, ಅವರಿಗೆ ಏನಾದರೂ ಆದರೆ ನನಗೆ ಯಾರು ಗತಿ ಎಂದೂ ಅನಿಸಿತು.

ಅತ್ತೆ ಕಣ್ಣು ತೆರೆದರು. "ತಣ್ಣಗಿದೆ" ಎಂದರು. ಇನ್ನೆರಡು ಹೆಜ್ಜೆ ನಡೆದು ನೋಡಿದರು. "ಇದರಲ್ಲೂ ನಡೆಯೋಕಾಗುತ್ತೆ."

ಯಾರೋ ನಕ್ಕರು. ಆಮೇಲೆ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ಮೇಲ್ಪೇಟೆಯವರು ಒಬ್ಬೊಬ್ಬರಾಗಿ, ಗುಡಿಯೊಳಕ್ಕೆ ಹೋಗುವವರ ಹಾಗೆ ಮೆಲ್ಲಗೆ, ಅವರನ್ನು ಬಳಸಿಕೊಂಡು ನೀರಿಗಿಳಿದರು. ನಾನು ಮಾತ್ರ ಅದೇ ಮೆಟ್ಟಿಲಿನಲ್ಲಿ ನಿಂತಿದ್ದೆ.

"ನೀನ್ಯಾಕೆ ಅಲ್ಲೇ ನಿಂತಿದ್ದೀಯ? ಇದು ನಿನ್ನ ನೀರಲ್ವೇನೇ? ಇಳಿ" ಎಂದರು ಅತ್ತೆ.

"ನಂಗೆ ಭಯ ಅತ್ತೆ."

"ಇಷ್ಟು ದಿನ ಅದರ ಮುಂದೇನೇ ಕೂತಿದ್ದೆಯಲ್ಲೇ!" ಎನ್ನುತ್ತಾ ಮೆಟ್ಟಿಲಿನವರೆಗೆ ನಡೆದು ಬಂದು ಕೈ ಚಾಚಿದರು. ಮನೆಯಲ್ಲಿ ದಿನವೂ ನಾನು ಹಿಡಿದು ನಡೆಸುವ ಕೈ ಅದು. "ಬಾ. ನಾನು ಹಿಡ್ಕೊಂಡಿರ್ತೀನಿ."

ಉಟ್ಟ ಸೀರೆಯಲ್ಲೇ ಇಳಿದೆ. ನೀರು ಸೊಂಟಕ್ಕೆ ಬಂದಾಗ ಕೂಗಿಕೊಂಡೆ. 'ನಮ್ಮ ಟೀಚರ್ರು!' ಎಂದು ನನ್ನ ಕ್ಲಾಸಿನ ಹುಡುಗಿಯರು ಕಿಸಕ್ಕನೆ ನಕ್ಕರು. ಎದೆಗೆ ಬಂದಾಗ ಕೂಗಲಿಕ್ಕೂ ದನಿ ಇರಲಿಲ್ಲ. ಅತ್ತೆ ಬಿಡಲಿಲ್ಲ. ಆ ಗೋಡೆಗೆ, ಈ ಗೋಡೆಗೆ, ಮತ್ತೆ ಆ ಗೋಡೆಗೆ. ನಡುನಡುವೆ ಮೆಟ್ಟಿಲಿನ ಮೇಲೆ ಕೂತು ದಣಿವಾರಿಸಿಕೊಂಡು ಮತ್ತೆ ಎದ್ದರು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಹಾಲಿನವಳು ಮತ್ತೆ ಹಾಲು ಹಾಕಿದರೆ ತೆಗೆದುಕೊಳ್ಳಬೇಕೋ ಬೇಡವೋ, ರಾತ್ರಿಗೆ ಏನು ಸಾರು ಎಂದು ಮಾತಾಡುತ್ತಲೇ ನಡೆದರು. ಕೊನೆಗೆ ನನ್ನ ಕಾಲೂ ನೀರಿಗೆ ಒಗ್ಗಿತು.

ಅಷ್ಟರಲ್ಲಿ ಗೆರೆ ಮತ್ತೆ ಸುತ್ತಿ ಬಂದಿತ್ತು, ಈ ಸಲ ಅದರ ಹಿಂದೆ ಬಾವಿಯ ನೀರು. ಬೋರಲಿಂಗಯ್ಯ ಸೀಟಿ ಊದಿದರು. ಮೇಲ್ಪೇಟೆಯವರು ಎಡಕ್ಕೆ ಸರಿಯತೊಡಗಿದರು. ನಾನೂ ಅಭ್ಯಾಸಬಲದಿಂದ ಒಂದು ಹೆಜ್ಜೆ ಸರಿದೆ. ಅತ್ತೆ ನಿಂತಲ್ಲೇ ನಿಂತು ನನ್ನ ಮುಖ ನೋಡಿದರು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನನ್ನ ಕೈಯನ್ನು ಹಿಡಿದಿದ್ದ ಬಿಗಿಯನ್ನು ಸ್ವಲ್ಪ ಸಡಿಲಿಸಿದರು, ಬೇಕಾದರೆ ಬಿಡಿಸಿಕೊಳ್ಳಲಿ ಎಂಬಂತೆ.

ಬಿಡಿಸಿಕೊಳ್ಳಲಿಲ್ಲ. ಗೆರೆ ಮೊದಲು ಅವರನ್ನು ದಾಟಿತು, ಆಮೇಲೆ ನಮ್ಮ ಕೈಗಳನ್ನು, ಆಮೇಲೆ ನನ್ನ ಭುಜವನ್ನು. ಆ ನೀರಿನ ಹುಳಿ ಎಷ್ಟು, ಕ್ಷಾರ ಎಷ್ಟು, ಗಡಸು ಎಷ್ಟು ಎಂಬುದು ಊರಿನಲ್ಲಿ ಯಾರಿಗಿಂತಲೂ ಚೆನ್ನಾಗಿ ನನಗೆ ಗೊತ್ತಿತ್ತು. ಅದು ಬೆನ್ನಿಗೆ ಇಷ್ಟು ಬೆಚ್ಚಗಿರುತ್ತದೆಂದು ಮಾತ್ರ ಗೊತ್ತಿರಲಿಲ್ಲ.